ದೊಡ್ಡಮ್ಮನಿಗೆ ಎಷ್ಟು ಆಳ

ನಮ್ಮ ದೊಡ್ಡಪ್ಪ ಕಂಡವರ ಹಿತ್ತಿಲಲ್ಲೆಲ್ಲ ಈಜುಕೊಳ ಕಟ್ಟಿದ ಮೇಸ್ತ್ರಿ. ನೀರು ತುಂಬಿದ ಮೇಲೆ ಮಾತ್ರ ಒಂದರಲ್ಲೂ ಕಾಲಿಟ್ಟವನಲ್ಲ. ಈಜು ಬಾರದು, ನೀರೆಂದರೆ ಮಹಾ ಪುಕ್ಕಲ.

ಆಳದ ವಿಷಯದಲ್ಲಿ ಅವನದು ಒಂದೇ ಪದ್ಧತಿ. ಮನೆಯ ದೊಡ್ಡವರಲ್ಲಿ ಎಲ್ಲರಿಗಿಂತ ಕುಳ್ಳಗಿರುವವರನ್ನು ಒಣ ಗುಂಡಿಯಲ್ಲಿ ನಿಲ್ಲಿಸುತ್ತಿದ್ದ. ಗುಂಡಿಯ ಅಂಚು ಅವರ ಎದೆಮಟ್ಟಕ್ಕೆ ಬಂದೊಡನೆ ಅಗೆತ ನಿಲ್ಲಬೇಕು. ಧುಮುಕೋಕೆ ಎಂಟಡಿ ಬೇಕು ಎಂದು ಹಠ ಹಿಡಿದವರಿಗೆ, "ಹಾಗಾದ್ರೆ ಬೇರೆ ಮೇಸ್ತ್ರೀನ ನೋಡ್ಕೊಳ್ಳಿ" ಎಂದು ಎದ್ದು ಬರುತ್ತಿದ್ದ.

ದೊಡ್ಡಮ್ಮನೋ, ಮದುವೆಗೆ ಮುಂಚೆ ತವರಿನ ಹೊಳೆಯನ್ನು ಈಜಿ ದಾಟುತ್ತಿದ್ದವಳು. ಆಮೇಲೆ ಅವಳ ಪಾಲಿಗೆ ಉಳಿದದ್ದು ಪಾತ್ರೆ ತೊಳೆಯುವ ನೀರು. ವಯಸ್ಸಾಗಿ ಮಂಡಿ ಸವೆದು, ಡಾಕ್ಟರು "ಈಜಿದ್ರೆ ಒಳ್ಳೇದು" ಎಂದ ದಿನ ಅವಳ ಮುಖ ನೋಡಬೇಕಿತ್ತು. ದೊಡ್ಡಪ್ಪ ಬೇರೆ ಮಾತಿಲ್ಲದೆ ಸ್ವಂತ ಹಿತ್ತಿಲು ಅಗೆಸಿದ. ಅಳತೆಗೆ ಗುಂಡಿಗಿಳಿದವಳೂ ಅವಳೇ.

"ಒಂದು ಕಡೆಯಾದ್ರೂ ನಂಗೆ ಕಾಲು ನಿಲುಕಬಾರದು ರೀ. ನೆಲ ಸಿಕ್ಕಿದ್ರೆ ಈಜಿದ ಹಾಗೇ ಅನ್ಸಲ್ಲ."

ದೊಡ್ಡಪ್ಪ ಹೂಂ ಅಂದ. ಅಂಚು ಎದೆಮಟ್ಟಕ್ಕೆ ಬಂದೊಡನೆ ಅಗೆತ ನಿಲ್ಲಿಸಿಬಿಟ್ಟ.

ನೀರು ಬಿಟ್ಟಾಗ ದೊಡ್ಡಮ್ಮ ಇಳಿದಳು. ನಾಲ್ಕು ಸಲ ಕೈ ಬೀಸುವಷ್ಟರಲ್ಲಿ ಪಾದ ನೆಲಕ್ಕೆ ತಾಗಿತು. "ಚೆನ್ನಾಗಿದೆ. ಬಟ್ಟೆ ಒಗೆಯೋಕಾಗುತ್ತೆ" ಎಂದು ಮೇಲೆ ಬಂದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಜಗಳವಾಡಿದ್ದರೂ ಚೆನ್ನಾಗಿತ್ತು, ಅದೂ ಇಲ್ಲ. ಪಕ್ಕದ ಮನೆಯಲ್ಲಿದ್ದ ನನಗೇ ಮೈಯೆಲ್ಲ ಉರಿಯಿತು.

"ಅವಳು ಕೇಳಿದ್ದು ಅದೊಂದೇ ಅಲ್ವಾ ದೊಡ್ಡಪ್ಪ?" ಎಂದು ಜೋರು ಮಾಡಿದೆ.

ಅವನು ಕೊಳದ ಕಟ್ಟೆಯ ಮೇಲೆ ಮುದುರಿ ಕೂತಿದ್ದ. "ಅವಳು ಮುಳುಗಿದ್ರೆ ಎತ್ತೋಕೆ ನಂಗೆಲ್ಲಿ ಬರುತ್ತೆ? ದಡದಲ್ಲಿ ನಿಂತು ಬಾಯಿ ಬಡ್ಕೋಬೇಕಾ?"

ನನ್ನ ಸಿಟ್ಟು ಜರ್ರನೆ ಇಳಿಯಿತು. ಪಾಪ, ಅನ್ನಿಸಿತು.

ಆಮೇಲೊಂದು ದಿನ ನೀರು ಖಾಲಿ ಮಾಡಿಸಿ, ಕೊಳದ ಅರ್ಧ ನೆಲ ಒಡೆಸಿದ. ಈ ಸಲ ಗುಂಡಿಯಲ್ಲಿ ತಾನೇ ನಿಂತ. ಎದೆಗೆ ಬಂತು ಎಂದರು ಆಳುಗಳು. "ಇನ್ನೂ ಅಗೀರಿ" ಎಂದ. ಅಂಚು ಕುತ್ತಿಗೆಗೆ ಬಂದ ಮೇಲಷ್ಟೇ ಸಾಕು ಎಂದದ್ದು. ದೊಡ್ಡಪ್ಪ ಆರಡಿ ಆಳು. ಅವನ ಕುತ್ತಿಗೆಯೆಂದರೆ ದೊಡ್ಡಮ್ಮನ ನೆತ್ತಿಗಿಂತ ಮೇಲೆ.

ಮತ್ತೆ ನೀರು ತುಂಬಿದ ಬೆಳಿಗ್ಗೆ, ಹೆಂಡತಿಗಿಂತ ಮೊದಲು ಅವನು ಇಳಿದ. ಅಂಚಿನ ಕಂಬಿ ಹಿಡಿದು, ಒಂದೊಂದೇ ಹೆಜ್ಜೆ ಇಡುತ್ತ ಆಳದ ಕಡೆಗೆ ಹೋಗಿ, ಕಂಬಿ ಬಿಟ್ಟು ನಡುವೆ ಕಣ್ಣು ಬಿಗಿಯಾಗಿ ಮುಚ್ಚಿ ನಿಂತ. ನೀರು ಕುತ್ತಿಗೆಗೆ ಬಂದಿತ್ತು.

"ಈಗ ಬಾರೇ. ನಿಂಗೆ ನೆಲ ಸಿಗದ ಕಡೆ ನಾನು ನಿಂತಿದೀನಿ."

ದೊಡ್ಡಮ್ಮ ಸದ್ದಿಲ್ಲದೆ ಈಜಿ ಬಂದು ಅವನಿಗೆ ಒಂದು ಸುತ್ತು ಹಾಕಿದಳು. ಇನ್ನೊಂದು ಸುತ್ತಿಗೆ ಅವನ ಭುಜ ತಟ್ಟಿದಳು.

"ಕಣ್ಣು ಬಿಡಿ ಅಂದ್ರೆ. ನಾನು ಈಜೋದನ್ನ ನೀವು ಒಂದು ದಿನಾನೂ ನೋಡಿಲ್ಲ."