ಒತ್ತಾಯವಿಲ್ಲದ ಊಟ

ಗಿರಣಿಯ ಕ್ಯಾಂಟೀನಿನಲ್ಲಿದ್ದಾಗಲೇ ಆಕೆಗೆ ದೊಡ್ಡಸೌಟಿನಕ್ಕ ಎಂಬ ಹೆಸರು ಅಂಟಿಕೊಂಡಿತ್ತು. ಸಾಕೆಂದು ತಟ್ಟೆಗೆ ಕೈ ಅಡ್ಡ ಹಿಡಿದವರಿಗೂ ಬೆರಳ ಸಂದಿಯಿಂದ ಒಂದಿಷ್ಟು ಬಿದ್ದೇ ಬೀಳುತ್ತಿತ್ತು. ಇಂಥವಳನ್ನು ಆಹಾರ ಸಂಶೋಧನಾ ಕೇಂದ್ರದವರು ಅಡುಗೆಗೆ ಇಟ್ಟುಕೊಂಡು, ಬಡಿಸುವಾಗ ತುಟಿ ಬಿಚ್ಚಕೂಡದು ಎಂದು ತಾಕೀತು ಮಾಡಿದರು. ಅವರಿಗೆ ಬೇರೆ ಯಾರೂ ಸಿಗಲಿಲ್ಲವೋ ಏನೋ.

ಯಾವ ಊಟವನ್ನು ಜನ ಎಷ್ಟು ತಿನ್ನುತ್ತಾರೆಂದು ನೋಡುವ ಪ್ರಯೋಗಕ್ಕೆ ಬಂದು ಅಲ್ಲೇ ಉಳಿದವರಿಗೆ ಮೊದಲ ಎರಡು ವಾರ ಬಣ್ಣ, ಪುಡಿ, ಅಂಟು ಬೆರೆಸಿದ ಕಾರ್ಖಾನೆಯ ಪ್ಯಾಕೆಟ್ ತಿನಿಸು. ಆಮೇಲೆ ಎರಡು ವಾರ ಅಕ್ಕನ ಕೈಯಡುಗೆ. ಎರಡರಲ್ಲೂ ಉಪ್ಪು, ಸಕ್ಕರೆ, ಕೊಬ್ಬು ಸರಿಸಮ. ಬೇಕಾದಷ್ಟು ತಿನ್ನಬಹುದು, ಉಳಿದದ್ದನ್ನು ಅಕ್ಕ ತೂಗಬೇಕು. ಪ್ಯಾಕೆಟ್ಟಿನ ತಟ್ಟೆಗಳು ನೆಕ್ಕಿದ ಹಾಗೆ ಖಾಲಿಯಾಗಿ ಬರುತ್ತಿದ್ದವು. ಆಕೆಯ ಬೇಳೆ, ಬೀನ್ಸು, ಮೊಟ್ಟೆ ಮಾತ್ರ ಒಂದಿಷ್ಟು ಉಳಿದೇ ಬರುತ್ತಿದ್ದವು. ಪ್ಲಾಸ್ಟಿಕ್ ಚೀಲದೆದುರು ತನ್ನ ಕೈರುಚಿ ಸೋತಿತೆಂದು ಅಕ್ಕನ ಹೊಟ್ಟೆಗೆ ಬೆಂಕಿ ಬಿತ್ತು.

ಬಂದವರಲ್ಲಿ ಒಬ್ಬ ಬಸ್ ಚಾಲಕನಿದ್ದ. ತೂಕ ಇಳಿಯದಿದ್ದರೆ ಬಸ್ ಕೊಡುವುದಿಲ್ಲವೆಂದು ಮೇಲಿನವರು ಹೇಳಿದ್ದರು. ಪಾಪ, ಬಹಳ ದಾಕ್ಷಿಣ್ಯದ ಮನುಷ್ಯ. ಅಕ್ಕ ಅವನನ್ನೇ ಹಿಡಿದಳು. ಮಾತಾಡಬಾರದು ಎಂದಿದ್ದರೇ ಹೊರತು, ಮುಖ ಹೇಗಿರಬೇಕೆಂದು ಯಾರೂ ಹೇಳಿರಲಿಲ್ಲವಲ್ಲ! ಪಕ್ಕದಲ್ಲಿ ನಿಂತು ಮುಖ ಸಪ್ಪಗೆ ಮಾಡಿದಳು, ಅವನು ತಿಂದ. ನಿಟ್ಟುಸಿರು ಬಿಟ್ಟಳು, ಇನ್ನಷ್ಟು ಹಾಕಿಸಿಕೊಂಡ. ಆ ವಾರ ತಕ್ಕಡಿಗೆ ಅವನ ತಟ್ಟೆಯಿಂದ ಏನೂ ಸಿಗಲಿಲ್ಲ. ಅಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಒಂದು ಬೆಳಿಗ್ಗೆ ಅವನು ಚೀಲ ಕಟ್ಟಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದ.

"ಅಕ್ಕಾ, ಆ ಪ್ಯಾಕೆಟ್ ತಿಂದ್ರೂ ತೂಕ ಏರುತ್ತೆ, ನಿಮ್ಮಡುಗೆ ತಿಂದ್ರೂ ಏರುತ್ತೆ. ನನ್ನ ಮೈಯೇ ಸರಿಯಿಲ್ಲ ಬಿಡಿ, ಹೊರಡ್ತೀನಿ."

ಅಕ್ಕ ಚಾಲಕನನ್ನು ಅಲ್ಲೇ ಕೂರಿಸಿ, ಸಂಶೋಧನೆ ನಡೆಸುವ ಡಾಕ್ಟರಮ್ಮನ ಬಳಿ ಓಡಿ ಎಲ್ಲವನ್ನೂ ಒಪ್ಪಿಕೊಂಡಳು. ಡಾಕ್ಟರಮ್ಮ ತಲೆ ಮೇಲೆ ಕೈ ಹೊತ್ತು ಕೂತರು. ಅವನ ಆ ವಾರದ ಲೆಕ್ಕವೆಲ್ಲ ನೀರಲ್ಲಿ ಹೋಮ. ಬೈಗುಳವೆಲ್ಲ ಮುಗಿದ ಮೇಲೆ ಅವರು ಮೆತ್ತಗೆ ಹೇಳಿದರು:

"ತಟ್ಟೆಯಲ್ಲಿ ಉಳಿದಿದ್ದು ನಿಮ್ಮ ಸೋಲಲ್ಲ ಅಕ್ಕಾ. ನಿಮ್ಮಡುಗೆ ತಿಂದವರಿಗೆ ಹೊಟ್ಟೆ ತುಂಬಿದ್ದು ಗೊತ್ತಾಗುತ್ತೆ. ಆ ಪ್ಯಾಕೆಟ್ ಇದೆಯಲ್ಲ, ಅದು ಗೊತ್ತಾಗೋ ಮೊದಲೇ ಖಾಲಿಯಾಗಿರುತ್ತೆ."

ಚಾಲಕನೆದುರು ಅಕ್ಕನೇ ತನ್ನ ತಪ್ಪು ಹೇಳಿಕೊಂಡಳು. ಅವನು ನಕ್ಕು ಚೀಲ ಬಿಚ್ಚಿದ. ಅವನ ಪಾಲಿನ ವಾರಗಳು ಮತ್ತೆ ಮೊದಲಿನಿಂದ ಶುರುವಾದವು.

ಆಕೆಯ ಅಡುಗೆಯ ಸರದಿ ಬಂದ ಮೊದಲ ದಿನ, ಅವನು ಅರ್ಧಕ್ಕೆ ಕೈ ನಿಲ್ಲಿಸಿ ಅಭ್ಯಾಸಬಲದಿಂದ ಆಕೆಯ ಮುಖ ನೋಡಿದ. ಪಾತ್ರೆಯಲ್ಲಿ ಬೇಕಾದಷ್ಟಿತ್ತು, ಸೌಟು ಕೈಯಲ್ಲೇ ಇತ್ತು. ಅಕ್ಕ ಗೋಡೆಯ ಕಡೆ ತಿರುಗಿ, ಅವನು ಎದ್ದು ಕೈ ತೊಳೆಯುವವರೆಗೂ ಹಾಗೇ ನಿಂತಳು. ಜೀವಮಾನದಲ್ಲಿ ಆಕೆ ಮಾಡಿದ ಉಪಚಾರಗಳಲ್ಲೆಲ್ಲ ಅದೇ ಕಷ್ಟದ್ದು.