ಹುಚ್ಚು ಗಾಲಿ

ಹದಿನೈದು ದಿನದ ಹಿಂದೆ, ನಾನು ಕೆಲಸ ಮಾಡುವ ಹೊಸಪೇಟೆಯ ಶಾಲೆಯ ಆಫೀಸಿನಲ್ಲಿ ಮೌಸ್‌ನ ಗಾಲಿ ಸಿಕ್ಕಿಹಾಕಿಕೊಂಡಿತು. ಪಿನ್ನಿನಿಂದ ಕೆದಕಿದರೆ ಕೆಂಪು ಧೂಳು, ಒಂದು ಕೂದಲು, ಬೆರಳಿನ ಜಿಡ್ಡು. ಕಂಪ್ಲಿಯ ಅರ್ಜಿ ಅಂಗಡಿಯ ಅಕ್ಕ ನೆನಪಾದಳು...

ಬಸ್ ನಿಲ್ದಾಣದ ಹಿಂದೆ ಕಂಪ್ಯೂಟರ್ ಇಟ್ಟುಕೊಂಡು ಊರವರ ಅರ್ಜಿಗಳನ್ನೆಲ್ಲ ತುಂಬಿಕೊಡುತ್ತಿದ್ದಳು. ಯಾರಾದರೂ ಮೌಸ್ ಹತ್ತಿರ ಕೈ ತಂದರೆ ಸಾಕು, “ಗಾಲಿಗೆ ಕೈ ಹಚ್ಚಬ್ಯಾಡ್ರಿ, ಅದು ಹುಚ್ಚು ಗಾಲಿ” ಅನ್ನುತ್ತಿದ್ದಳು. ಯಾಕೆಂದು ಅವಳಿಗೂ ಹೇಳಲು ಬರುತ್ತಿರಲಿಲ್ಲ. ಅಷ್ಟೊಂದು ಕಾಯುವಂಥದ್ದು ಅದರಲ್ಲೇನಿದೆ ಎಂದು ನನಗೆ ಆಗಲೇ ಅನುಮಾನ. ಹಾಲಿನವನು ಅಳೆಯುವಾಗಲೂ ಬಗ್ಗಿ ನೋಡುವವಳು ನಾನು.

ಕೆಲವು ವರ್ಷಗಳ ಹಿಂದೆ ನಮ್ಮೂರು ಮೆಟ್ರಿಯ ಅಂಗನವಾಡಿ ಕೆಲಸಕ್ಕೆ ಅರ್ಜಿ ಕರೆದಿದ್ದರು. ಆ ಊರಿನವರಿಗಷ್ಟೇ ಕೆಲಸ. ಅಕ್ಕನ ನಾದಿನಿಯನ್ನೂ ನಮ್ಮೂರಿಗೇ ಕೊಟ್ಟಿದ್ದರು, ಅವಳೂ ಅರ್ಜಿ ಹಾಕಿದ್ದಳು. ಅಕ್ಕ ನನ್ನ ಅರ್ಜಿಯಲ್ಲಿ ಊರುಗಳ ಪಟ್ಟಿಯಿಂದ ಮೆಟ್ರಿ ಆರಿಸಿ, ನನ್ನ ಫೋಟೊ ಸ್ಕ್ಯಾನ್ ಮಾಡಲು ಎದ್ದಳು. ಅಷ್ಟರಲ್ಲಿ ನಾನು ಗಾಲಿ ತಿರುಗಿಸಿ, ಕೆಳಗೆ ಏನೇನು ತುಂಬಿದ್ದಾಳೋ ನೋಡೋಣವೆಂದು ಹೊರಟೆ. ಅವಳು ಬಂದದ್ದು ಕಂಡು ಕೈ ತೆಗೆದೆ.

“ಕಡೀಕೊಮ್ಮೆ ಓದ್ಕೊ ತಂಗಿ” ಅಂದಳು. ಬಸ್ ಹೊರಡುವುದರಲ್ಲಿತ್ತು. “ಇರ್ಲಿ ಬಿಡಕ್ಕ, ಕಳ್ಸು” ಅಂದೆ.

ಅರ್ಜಿ ತಿರಸ್ಕಾರವಾಯಿತು. ಅದರಲ್ಲಿ ಊರು ಬೇರೆಯೇ ಇತ್ತು! ಕೆಲಸ ನಾದಿನಿಗೆ ಸಿಕ್ಕಿತು. ಅನುಮಾನಕ್ಕೆ ಇನ್ನೇನು ಬೇಕು ನನಗೆ? ಅಂಗಡಿ ಮುಂದೆ ನಾಲ್ಕು ಜನರೆದುರು ಕೂಗಾಡಿದೆ.

“ನಾ ಮೆಟ್ರೀನ ಒತ್ತೀನವ್ವ, ದೇವರಾಣಿ.”

“ಹಂಗಾರ ದೆವ್ವ ಬಂದು ಬದ್ಲಿ ಮಾಡ್ತೇನು?”

ಮೊದಲು ನಮ್ಮೂರವರು ಆ ಅಂಗಡಿಗೆ ಹೋಗುವುದು ಬಿಟ್ಟರು, ಬರಬರುತ್ತ ಉಳಿದವರೂ... ಅವಳು ಬಾಗಿಲು ಹಾಕಿ ಬಂಡ್ರಿಯ ತವರಿಗೆ ಹೋದಳೆಂದು ಕೇಳಿ, ಒಳ್ಳೆಯದಾಯಿತು ಅಂದುಕೊಂಡಿದ್ದೆ.

ಅವತ್ತು ಆಫೀಸಿನಲ್ಲಿ ಧೂಳು ತೆಗೆದು, ಸರಿಹೋಯಿತೇ ಎಂದು ಗಾಲಿ ತಿರುಗಿಸಿದೆ. ತೆರೆಯ ಮೇಲೆ ಒಂದು ಮಗುವಿನ ದಾಖಲಾತಿ ಅರ್ಜಿ ಇತ್ತು, ಆಗಷ್ಟೇ ಸಂಡೂರು ಎಂದು ಆರಿಸಿದ್ದೆ. ಪುಟ ಸರಿಯಲಿಲ್ಲ, ಊರು ಬದಲಾಯಿತು. ಇನ್ನೊಮ್ಮೆ ತಿರುಗಿಸಿದೆ, ಇನ್ನೊಂದು ಊರು. ಅಕ್ಕನ ಅಂಗಡಿಯ ದೆವ್ವ ನಾನೇ.

ಭಾನುವಾರ ಬಂಡ್ರಿಗೆ ಹೋದೆ. ಅಕ್ಕ ತೀರಿಕೊಂಡು ಎರಡು ವರ್ಷವಾಗಿತ್ತು. ನಾನ್ಯಾರೆಂದು ತಿಳಿಯದ ಅವಳ ಅಣ್ಣ, “ಜ್ವರದಾಗೂ ‘ಮೆಟ್ರೀನ ಒತ್ತೀನಿ’ ಅಂತಿದ್ಲು, ನಮಗೇನೂ ತಿಳೀಲಿಲ್ರಿ” ಎಂದು ಚಹಾ ಕೊಟ್ಟರು. ಕುಡಿದು ಬಂದೆ.

ಇವತ್ತು ಮಗನ ಅರ್ಜಿ ತುಂಬಿಸಲು ಬಂದ ತಾಯಿಯೊಬ್ಬಳು ನನ್ನ ಮೌಸ್‌ಗೆ ಕೈ ಚಾಚಿದಳು.

“ಗಾಲಿಗೆ ಕೈ ಹಚ್ಚಬ್ಯಾಡ್ರಿ” ಅಂದೆ.

ಅವಳು ಕೈ ಹಿಂದೆ ತೆಗೆದುಕೊಂಡು, ಏನು ಮುಚ್ಚಿಡುತ್ತಿದ್ದಾಳೆ ಇವಳು ಎಂಬಂತೆ ನನ್ನ ಮುಖವನ್ನೇ ನೋಡಿದಳು.