ಅಯಸ್ಕಾಂತಕ್ಕೆ ಅಂಟದ ಪದಕ

ಬೀದಿಯವರು ಅವನನ್ನು ಒರೆಗಲ್ಲು ಎಂದೇ ಕರೆಯುತ್ತಿದ್ದರು. ಹಳೆಯ ಯುದ್ಧಪದಕಗಳ, ಅದರಲ್ಲೂ ಜರ್ಮನ್ ಸೇನೆಯ ಪದಕಗಳ ಅಸಲಿ ನಕಲಿ ಹೇಳುವುದು ಅವನ ಕಸುಬು. ಮೂವತ್ತೈದು ವರ್ಷದಿಂದ ಅದೇ ಕಿರಿದಾದ ಅಂಗಡಿ, ಹಸಿರು ಬಟ್ಟೆ ಹೊದಿಸಿದ ಅದೇ ಮೇಜು. ಮೇಜಿನ ಮೇಲೆ ಭೂತಗನ್ನಡಿ, ಪುಟ್ಟ ತಕ್ಕಡಿ, ದಾರ ಕಟ್ಟಿದ ಒಂದು ಅಯಸ್ಕಾಂತ. ಆಸಾಮಿ ಕಡ್ಡಿ ಮುರಿದಂತೆ ಮಾತಾಡುವವನು. ಹೆಂಡತಿ ಹೊಸ ಸೀರೆ ಉಟ್ಟು ಬಂದು ನಿಂತರೂ ಮೊದಲು ಅಂಚು ಮುಟ್ಟಿ ನೋಡಿ "ಜರಿ ಸುಳ್ಳು" ಅನ್ನುವ ಪೈಕಿ. "ನಿಮ್ಮ ನಾಲಿಗೇನ ಮೊದಲು ಪರೀಕ್ಷೆ ಮಾಡಿಸ್ಕೊಳ್ಳಿ" ಎಂದು ಆಕೆ ಮೂತಿ ತಿರುವುತ್ತಿದ್ದಳು.

ಪದಕ ತಂದವರು ಹೇಳುವ ಕಥೆಗೆ ಕಿವಿಗೊಡಕೂಡದು ಎಂದು ಕಸುಬು ಕಲಿಸಿದ ಗುರು ಅವನ ತಲೆಗೆ ತುಂಬಿದ್ದ. ಕಥೆ ಕೇಳಿದರೆ ಮನಸ್ಸು ಕರಗುತ್ತದೆ, ಆಮೇಲೆ ನಕಲಿಯೂ ಅಸಲಿಯಂತೆ ಕಾಣುತ್ತದೆ. ಗುರು ಸುಳ್ಳೇನೂ ಹೇಳಿರಲಿಲ್ಲ. ಟೋಪಿ ಹಾಕಲು ಬರುವವರ ಹತ್ತಿರವೇ ಚೆಂದದ ಕಥೆಗಳಿರುವುದು. ಹಾಗಾಗಿ ಯಾರಾದರೂ "ನಮ್ಮಜ್ಜ" ಎಂದು ಬಾಯಿ ತೆರೆದರೆ ಸಾಕು, ಒರೆಗಲ್ಲು ಎಡಗೈ ಎತ್ತುತ್ತಿದ್ದ. ಕೈ ಮೇಲೆದ್ದ ಮೇಲೆ ಯಾರೂ ಮಾತಾಡುವಂತಿಲ್ಲ.

ಹನ್ನೊಂದು ವರ್ಷದ ಹಿಂದೆ ಎದುರು ಸಾಲಿನ ಕ್ಷೌರಿಕ ಬಂದಾಗಲೂ ಕೈ ಎತ್ತಿದ್ದ. ಕ್ಷೌರಿಕನ ಅಂಗಡಿಯ ಕನ್ನಡಿಯ ಪಕ್ಕ ಅವನಪ್ಪನ ಫೋಟೊ, ಅದರ ಕೆಳಗೆ ಮೊಳೆಗೆ ನೇತುಹಾಕಿದ ಕಬ್ಬಿಣದ ಶಿಲುಬೆ ಎಂಬ ಜರ್ಮನ್ ಶೌರ್ಯಪದಕ ಇದ್ದವು. ಕುರ್ಚಿಯಲ್ಲಿ ಕೂತವರಿಗೆಲ್ಲ ಅದರ ಬಗ್ಗೆ ಹೇಳುತ್ತಿದ್ದನಂತೆ. ಒರೆಗಲ್ಲು ಮಾತ್ರ ಅಲ್ಲಿ ಕೂತಾಗ ಕಣ್ಣು ಮುಚ್ಚಿಬಿಡುತ್ತಿದ್ದ. ಅಂದು ಕ್ಷೌರಿಕ ಶಿಲುಬೆಯನ್ನು ಬಿಳಿ ಟವೆಲ್ಲಿನಲ್ಲಿ ಸುತ್ತಿ ತಂದಿದ್ದ.

"ಯಾವನೋ ಗಿರಾಕಿ ಇದು ನಕಲಿ ಅಂದ, ತಮ್ಮಾ. ನೀನೊಂದು ಮಾತು ಹೇಳಿಬಿಡು, ಅವನ ಬಾಯಿ ಮುಚ್ಚಿಸ್ತೀನಿ. ನಮ್ಮಪ್ಪ ಜರ್ಮನ್ನರ ಹಡಗಲ್ಲಿದ್ರು. ಒಂದಿನ ಕೆಳಗಡೆ ನೀರು ನುಗ್ಗಿದಾಗ..."

ಎಡಗೈ ಎದ್ದಿತು. ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಕಾಯುತ್ತಿದ್ದರು. ಹೆಸರೇ ಕಬ್ಬಿಣದ ಶಿಲುಬೆ. ಒಳಗೆ ಕಪ್ಪು ಬಣ್ಣ ಬಳಿದ ಕಬ್ಬಿಣದ ತಿರುಳು, ಹಿಂದೆ ಮುಂದೆ ಎರಡು ಬೆಳ್ಳಿಯ ಚೌಕಟ್ಟು ಕೂಡಿಸಿ ಬೆಸೆದಿರಬೇಕು. ನಕಲಿ ಮಾಡುವವರು ಯಾವುದೋ ಅಗ್ಗದ ಲೋಹ ಕರಗಿಸಿ ಒಂದೇ ಅಚ್ಚಿಗೆ ಹೊಯ್ಯುತ್ತಾರೆ. ಒರೆಗಲ್ಲು ಅಯಸ್ಕಾಂತವನ್ನು ಇಳಿಬಿಟ್ಟ. ಅದು ಶಿಲುಬೆಯ ಗೊಡವೆಗೇ ಹೋಗದೆ ಸುಮ್ಮನೆ ತೂಗಾಡಿತು.

"ಅಚ್ಚಿನ ಮಾಲು, ಅಣ್ಣ. ಸಂತೆಯಲ್ಲಿ ರಾಶಿ ಹಾಕಿ ಮಾರ್ತಾರೆ."

ಕಾಯುತ್ತಿದ್ದವರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಕ್ಷೌರಿಕ ಟವೆಲ್ಲನ್ನು ಮೊದಲಿದ್ದ ಹಾಗೆಯೇ ಮಡಚಿಕೊಂಡು ಹೋದ. ಆಮೇಲೂ ಅವನು ಒರೆಗಲ್ಲಿನ ಕೂದಲು ಕತ್ತರಿಸಿದ, ಗಡ್ಡ ಹೆರೆದ, ಕುತ್ತಿಗೆಗೆ ಪೌಡರ್ ಹಚ್ಚಿದ. ಕಥೆ ಮಾತ್ರ ನಿಂತಿತು. ಮೊದಲು ಶಿಲುಬೆ ಕಾಣೆಯಾಯಿತು, ಕೆಲವು ವಾರದ ಮೇಲೆ ಫೋಟೊವೂ ಇಲ್ಲವಾಯಿತು. ಖಾಲಿ ಮೊಳೆ ಒರೆಗಲ್ಲಿನ ಕಣ್ಣಿಗೆ ಬೀಳದೆ ಇರಲಿಲ್ಲ. ಕೇಳಲಿಲ್ಲ, ಅಷ್ಟೇ. ಮೂರು ವರ್ಷದ ಕೆಳಗೆ ಕ್ಷೌರಿಕ ತೀರಿಕೊಂಡ. ಈಗ ಕತ್ತರಿ ಹಿಡಿದಿರುವವಳು ಅವನ ಮಗಳು.

ಕಳೆದ ವಾರ ಒರೆಗಲ್ಲಿನ ಮೇಜಿಗೆ ಇನ್ನೊಂದು ಶಿಲುಬೆ ಬಂತು. ಅಯಸ್ಕಾಂತಕ್ಕೆ ಅದೂ ಅಂಟಲಿಲ್ಲ. ನಕಲಿ ಎನ್ನಲು ಬಾಯಿ ತೆರೆದವನು ಅಂಚಿನಲ್ಲಿ ಕೂದಲೆಳೆಯಷ್ಟು ತೆಳ್ಳಗಿನ ಬೆಸುಗೆ ಗೆರೆ ಕಂಡು ತಡೆದ. ಭೂತಗನ್ನಡಿ ಹಿಡಿದ. ಎರಡು ಹೋಳಿನ ಚೌಕಟ್ಟು, ನೇತುಹಾಕುವ ಬಳೆಯ ಮೇಲೆ ತಯಾರಕನ ಗುರುತು, ಬಣ್ಣ ಎದ್ದಲ್ಲಿ ಹಳದಿ ಹಿತ್ತಾಳೆ. ಕಪಾಟಿನ ದಪ್ಪ ಪುಸ್ತಕ ತೆಗೆದು ನೋಡಿದ. ಉಪ್ಪುಗಾಳಿಗೆ ತುಕ್ಕು ಹಿಡಿಯದಿರಲೆಂದು ಹಡಗಿನವರಿಗೆ ಹಿತ್ತಾಳೆ ತಿರುಳಿನ ಶಿಲುಬೆಗಳನ್ನೂ ಮಾಡಿದ್ದರೆಂದು ಬಲ್ಲವರು ಬರೆದಿದ್ದರು.

ಹಡಗು. ಕ್ಷೌರಿಕ ಅರ್ಧಕ್ಕೆ ಬಿಟ್ಟ ಮಾತು ನೆನಪಾಯಿತು. ಕ್ಷೌರಿಕನ ಶಿಲುಬೆಗೆ ಅವನು ಭೂತಗನ್ನಡಿ ಮುಟ್ಟಿಸಿಯೂ ಇರಲಿಲ್ಲ. ಆ ರಾತ್ರಿ ಊಟಕ್ಕೆ ಕೂತಾಗ ಎಲ್ಲ ಹೇಳಿದ. ವಿಷಯ ಕೇಳಿದ ಹೆಂಡತಿ ಈ ಸಲ ಹಾಸ್ಯ ಮಾಡಲಿಲ್ಲ. "ಹೋಗಿ ಹೇಳಿ ಬನ್ನಿ. ಸತ್ತವರಿಗೆ ಕೇಳಿಸದಿದ್ರೂ ಆ ಹುಡುಗಿಗೆ ಕೇಳಿಸುತ್ತೆ" ಅಂದಳು.

ಮರುದಿನ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ನೋಡಿ ಕ್ಷೌರದಂಗಡಿಗೆ ಹೋದ. ಮಗಳು ನೆಲದ ಕೂದಲು ಗುಡಿಸುತ್ತಿದ್ದಳು.

"ನಿಮ್ಮ ತಾತನ ಪದಕ ಇದೆಯೇನಮ್ಮ?"

"ಇದೆ, ಮಾಮ. ನಕಲಿ ಅಂತ ನೀವೇ ಹೇಳಿದ್ರಲ್ಲ." ಅವಳ ದನಿಯಲ್ಲಿ ಕುಟುಕುವ ಉದ್ದೇಶವೇನೂ ಇರಲಿಲ್ಲ. ಕೆಟ್ಟುಹೋದ ಕ್ಷೌರದ ಯಂತ್ರಗಳ, ಮುರಿದ ಬಾಚಣಿಗೆಗಳ ಡಬ್ಬಿಯ ತಳದಿಂದ ಅದನ್ನು ತೆಗೆದುಕೊಟ್ಟಳು.

ಶಿಲುಬೆಯ ನಡುವೆ ಒಂದು ಆಳವಾದ ಗೀರಿತ್ತು. ಗೀರಿನೊಳಗೆ ಹಳದಿ.

"ಅದು ಅಪ್ಪ ಕೆರೆದಿದ್ದು. ನೀವು ಹೇಳಿದ ಮೇಲೂ ಅವರಿಗೆ ನಂಬಿಕೆ ಬರ್ಲಿಲ್ಲ. ಒಂದು ತಿಂಗಳು ಒದ್ದಾಡಿದ್ರು. ಕೊನೆಗೆ ಒಂದಿನ ಕತ್ತಿ ತಗೊಂಡು ಕೆರೆದ್ರು. ಹಿತ್ತಾಳೆ ಕಾಣಿಸ್ತು. ಅವತ್ತೇ ತಾತನ ಫೋಟೊನೂ ಇಳಿಸಿಬಿಟ್ರು. ‘ನಮ್ಮಪ್ಪ ಸುಳ್ಳುಗಾರ’ ಅಂತ ಒಂದೇ ಸಲ ಅಂದಿದ್ದು. ಆಮೇಲೆ ಆ ಮಾತೇ ಎತ್ತಲಿಲ್ಲ."

ಒರೆಗಲ್ಲು ಶಿಲುಬೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಅಂಚಿನ ಸುತ್ತ ಬೆಸುಗೆಯ ಗೆರೆ ಸ್ಪಷ್ಟವಾಗಿತ್ತು. ನೋಡಲು ಅರ್ಧ ನಿಮಿಷವೂ ಬೇಕಾಗಲಿಲ್ಲ.

"ಅಸಲಿ, ಕಣಮ್ಮ. ಆ ಹಿತ್ತಾಳೆನೇ ಇದಕ್ಕೆ ಸಾಕ್ಷಿ. ಹಡಗಿನವರಿಗೆ ಹೀಗೇ ಮಾಡ್ತಿದ್ರು. ನಾನು ಸರಿಯಾಗಿ ನೋಡ್ಲಿಲ್ಲ. ತಪ್ಪು ನಂದೇ. ನಿಮ್ಮ ತಾತ ಸುಳ್ಳು ಹೇಳಿರ್ಲಿಲ್ಲ."

ಅವಳು ಪೊರಕೆಯನ್ನು ಗೋಡೆಗೆ ಒರಗಿಸಿ, ಅಪ್ಪ ನಿಲ್ಲುತ್ತಿದ್ದ ಕುರ್ಚಿಯ ಹಿಂದೆ ಹೋಗಿ ನಿಂತಳು. ಕಣ್ಣೊರೆಸಿಕೊಂಡಳು. ಆಮೇಲೆ ಕೇಳಿದಳು: "ತಾತ ಏನು ಮಾಡಿದ್ರು ಅಂತ ಇದನ್ನ ಕೊಟ್ರು, ಮಾಮ? ಚಿಕ್ಕವಳಿದ್ದಾಗ ಅಪ್ಪ ಹೇಳೋಕೆ ಬಂದ್ರೆ ನಾನು ಆಡೋಕೆ ಓಡಿಹೋಗ್ತಿದ್ದೆ. ದೊಡ್ಡವಳಾದ ಮೇಲೆ ಎಷ್ಟು ಕೇಳಿದ್ರೂ ಅವರು ಬಾಯಿ ಬಿಡ್ಲಿಲ್ಲ. ನಿಮ್ಮ ಹತ್ರ ಹೇಳಿರ್ಬೇಕಲ್ಲ?"

"ಹಡಗಲ್ಲಿದ್ರಂತೆ" ಅಂದ ಒರೆಗಲ್ಲು. "ಒಂದಿನ ಕೆಳಗಡೆ ನೀರು ನುಗ್ಗಿದಾಗ..."

ಅಷ್ಟಕ್ಕೇ ನಿಲ್ಲಿಸಿದ. ಅಲ್ಲಿಂದ ಮುಂದಕ್ಕೆ ಅವನಿಗೆ ಗೊತ್ತಿರಲಿಲ್ಲ.

"ನುಗ್ಗಿದಾಗ?" ಎಂದು ಅವಳು ಅವನ ಮುಖವನ್ನೇ ನೋಡುತ್ತ ಕಾದಳು.